ಅವ್ವನ ಕೋಡಿ ಪೆಟ್ಟಿಗೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ನಾವು ಅಣ್ಣತಮ್ಮಂದಿರು ಕ್ಯಾಮೆರಾ ಹಿಡಿದು ಓಡಾಡಿದ್ದೆವು. ವಾಹಿನಿಯಲ್ಲಿ ಬಂದದ್ದು ಎರಡು ನಿಮಿಷ. ಉಳಿದದ್ದೆಲ್ಲ ಹಾರ್ಡ್‌ಡಿಸ್ಕಿನಲ್ಲೇ ಬಿದ್ದಿತ್ತು. ಅದೇ ನೆರೆಯಲ್ಲಿ ನಮ್ಮ ಮಣ್ಣಿನ ಮನೆಯೂ ಕುಸಿದಿತ್ತು. ‘ಆ ಮನಿ ಒಮ್ಮೆ ಟಿವ್ಯಾಗ ದೊಡ್ಡದಾಗಿ ತೋರಸ್ರೋ’ ಅಂತ ಅವ್ವ ಕೇಳುತ್ತಲೇ ಇದ್ದಳು. ನಾವು ನಾಳೆ ನಾಳೆ ಎನ್ನುತ್ತಿದ್ದೆವು. ಒಂದು ದಿನ ಡಿಸ್ಕು ಟಕ್ ಟಕ್ ಎನ್ನತೊಡಗಿತು. ಆಗ ಎದೆ ಧಸಕ್ಕೆಂದಿತು.

ಡಿಸ್ಕನ್ನು ಟಿವಿಗೆ ಚುಚ್ಚಿದರೆ ಅರ್ಧ ಫೈಲು ತೆರೆಯಲಿಲ್ಲ. ತೆರೆದವುಗಳಲ್ಲಿ ಹರಿಯುವ ನೀರಿನ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿತ್ತು. ನಮ್ಮ ಹಳೆಯ ಕ್ಯಾಮೆರಾ 1080ಐ. ಅಂದರೆ ಚಿತ್ರವನ್ನು ಬೆಸ ಗೆರೆ, ಸಮ ಗೆರೆ ಎಂದು ಎರಡು ಕಂತಿನಲ್ಲಿ ಹಿಡಿಯುತ್ತದೆ. ಅವನ್ನು ಸರಿಯಾಗಿ ಜೋಡಿಸಿ ತೋರಿಸಲು ಒಂದು ಕಂಪ್ಯೂಟರೇ ಬೇಕಾಯಿತು.

ಟಿವಿ ಕೆಳಗಿನ ಗೂಡಿನಲ್ಲಿ ಕೂರುವಷ್ಟು ಸಣ್ಣದು ಬೇಕಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಮಿನಿ-ಐಟಿಎಕ್ಸ್ ಬೋರ್ಡ್ ಸಿಕ್ಕಿತು. ಉದ್ದ 17, ಅಗಲ 17 ಸೆಂಟಿಮೀಟರ್, ಅಷ್ಟೇ. ಅದಕ್ಕೆ ಇಂಟೆಲ್ ಆರನೇ ತಲೆಮಾರಿನ ಐ3, 8 ಜಿಬಿ ರ್‍ಯಾಮ್, 120 ಜಿಬಿ ಎಸ್‌ಎಸ್‌ಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ನಮ್ಮ ಫೈಲುಗಳಿಗೆ ಸಾಕು. 4ಕೆ ಟಿವಿ ಇದ್ದವರು ಏಳನೇ ತಲೆಮಾರಿನಿಂದ ಮೇಲಿನದನ್ನು ಕೊಳ್ಳುವುದು ಒಳ್ಳೆಯದು. ಬೋರ್ಡಿನ ಎಚ್‌ಡಿಎಂಐ 1.4 ಆಗಿದ್ದರೆ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮಿಗೇ ನಿಲ್ಲುತ್ತದೆ, ಅದನ್ನೂ ಕೇಳಿಯೇ ತನ್ನಿ.

ಎಡವಿದ್ದು ಕೂಲರಿನಲ್ಲಿ. ಎತ್ತರ ಅಳೆಯದೇ ತಂದಿದ್ದೆವು, ಮುಚ್ಚಳ ಕೂರಲಿಲ್ಲ. ಮುಚ್ಚಳ ತೆಗೆದೇ ಇಡೋಣವೆಂದರೆ ನಮ್ಮೂರ ಧೂಳು ಬಿಡಬೇಕಲ್ಲ! ಗಿಡ್ಡ ಕೂಲರ್ ತರಿಸಲು ಇನ್ನೊಂದು ವಾರ ಹೋಯಿತು. ಅಷ್ಟರಲ್ಲಿ ಟಕ್ ಟಕ್ ಡಿಸ್ಕಿನಿಂದ ಬಂದಷ್ಟನ್ನು ಹೊಸದಕ್ಕೆ ಇಳಿಸಿಕೊಂಡೆವು. ಮೂರು ಫೋಲ್ಡರ್ ಬರಲೇ ಇಲ್ಲ. ಅದರೊಳಗೆ ಯಾರ ಮನೆಗಳಿದ್ದವೋ.

ಲಿಬ್ರೆಎಲೆಕ್ ಹಾಕಿದೆವು. ಕೋಡಿ ಎಂಬ ಪ್ಲೇಯರನ್ನು ನಡೆಸಲೆಂದೇ ಮಾಡಿದ ಪುಟ್ಟ ಲಿನಕ್ಸ್ ಅದು, ಪುಕ್ಕಟೆ. ‘ಕೋಡಿ ಬಂತು’ ಅಂತ ತಮ್ಮ ಕೂಗಿದ. ಅಡುಗೆಮನೆಯಿಂದ ಅವ್ವ, ‘ಮತ್ತ ಕೆರಿ ಕೋಡಿ ಬಿತ್ತೇನೋ?’ ಅಂತ ಗಾಬರಿಯಲ್ಲಿ ಓಡಿಬಂದಳು. ನಕ್ಕೆವು, ಆದರೆ ಪೂರ್ತಿ ನಗಲು ಆಗಲಿಲ್ಲ.

ಹೆಚ್ಚಿನ ಪಿಸಿಗಳು ಟಿವಿಯ ರಿಮೋಟಿನ ಮಾತು ಕೇಳುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ರಿಸೀವರ್ ಇರುವ ಸಣ್ಣ ರಿಮೋಟ್ ಕೊಂಡು ಅವ್ವನ ಕೈಗಿಟ್ಟೆವು.

ಮೊದಲ ರಾತ್ರಿ ಓಣಿಯ ಏಳೆಂಟು ಜನ ಬಂದು ಕೂತರು. ನೀರಿನ ಅಂಚು ಈಗ ಸೀಳಲಿಲ್ಲ. ‘ಅಗೋ ನಮ್ಮ ಎಮ್ಮಿ’, ‘ಅದು ಬಸವಣ್ಣನ ಗುಡಿ ಕಟ್ಟಿ’ ಅಂತ ಒಬ್ಬೊಬ್ಬರೇ ಬೆರಳು ತೋರಿಸಿದರು. ಸಮೀಕ್ಷೆಗೆ ಬಂದ ಮಂತ್ರಿಗಳ ಭಾಗ ಇಪ್ಪತ್ತು ನಿಮಿಷ ಓಡಿತು. ಅವರ ಕಾರಿನ ಹಿಂದೆ ಕ್ಯಾಮೆರಾ ತಿರುಗಿದಾಗ ನಮ್ಮ ಮನೆ ಬಂತು, ಬಾಗಿಲು, ದೀಪದ ಗೂಡು, ಅರ್ಧ ಗೋಡೆ. ಹನ್ನೊಂದು ಸೆಕೆಂಡ್.

‘ಮಂತ್ರಿ ಮಾರಿ ಅಷ್ಟೊತ್ತು ತೋರ್ಸಿದ್ರಿ, ನಮ್ಮ ಮನಿ ಇಷ್ಟ ಏನ್ರೋ?’ ಅಂದಳು ಅವ್ವ.

ನಾವು ಉತ್ತರ ಕೊಡಲಿಲ್ಲ. ಅವಳೇ ರಿಮೋಟ್ ಒತ್ತಿ ಹಿಂದಕ್ಕೆ ಹೋದಳು. ಮತ್ತೆ ನೋಡಿದಳು.

ಈಗ ಎಲ್ಲದರ ಪ್ರತಿ ಎರಡು ಡಿಸ್ಕಿನಲ್ಲಿದೆ. ವರದಿಗೆ ಹೋದರೆ, ಗಣ್ಯರು ಕಾರು ಹತ್ತಿದ ಮೇಲೂ ನಾವು ಕ್ಯಾಮೆರಾ ಬಂದ್ ಮಾಡುವುದಿಲ್ಲ.