ಮೊದಲ ತಪ್ಪಿನ ಶೋಧ

ಹಸ್ತಪ್ರತಿಯ ಪಾಠ ಕೆಟ್ಟಿರುವುದು ಒಂದೆಡೆ; ಓದುಗನು ಎಡವುವುದು ಮತ್ತೊಂದೆಡೆ. ಗ್ರಂಥಸಂಪಾದಕರೆಲ್ಲರ ಅನುಭವಕ್ಕೆ ಬಂದಿರುವ ಈ ಸಂಗತಿ ಗಣಕಯಂತ್ರದ ಲೋಕದಲ್ಲಿಯೂ ಅಷ್ಟೇ ಸತ್ಯವೆಂಬುದಕ್ಕೆ 2002ರ ಮಳೆಗಾಲದಲ್ಲಿ ಮುಂಬಯಿಯ ಒಂದು ಕನ್ನಡ ವಾಚನಾಲಯವು ಸಾಕ್ಷಿಯಾಯಿತು.

ವಾಚನಾಲಯದ ಹೊಣೆ ಹೊತ್ತಿದ್ದವರು ರಾತ್ರಿಶಾಲೆಯ ನಿವೃತ್ತ ಮಾಸ್ತರರು. ದಶಕಗಳಿಂದ ಕೈಬರಹದಲ್ಲಿ ಬೆಳೆದ ಗ್ರಂಥಸೂಚಿಯ ಚೀಟಿಗಳು ನೆಲಮಾಳಿಗೆಯ ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಅವುಗಳನ್ನು ಗಣಕಕ್ಕೆ ಏರಿಸಿಕೊಡುವೆನೆಂದು ಮುಂದೆ ಬಂದವನು ಅವರ ಹಳೆಯ ವಿದ್ಯಾರ್ಥಿ, ವೃತ್ತಿಯಿಂದ ಇಂಜಿನಿಯರ್. ದಾನವಾಗಿ ದೊರೆತದ್ದು ಸೋಲಾರಿಸ್ 8 ಎಂಬ ವಾಣಿಜ್ಯ ಯುನಿಕ್ಸ್ ಇದ್ದ ಹಳೆಯ ಯಂತ್ರ. ಆರಿಸಿಕೊಂಡದ್ದು ಪೋಸ್ಟ್‌ಗ್ರೆಸ್‌ಕ್ಯೂಎಲ್ 7.2. 1986ರಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಮೊದಲಾದ ಸಂಶೋಧನೆಯಿಂದ ಬೆಳೆದು, 1996ರಲ್ಲಿ ಈ ಹೆಸರು ಪಡೆದ ಆ ದತ್ತಸಂಚಯ ತಂತ್ರಾಂಶದ ಮೂಲಪಾಠವು ಯಾರಿಗೂ ಮುಕ್ತ. ಆದರೆ ಮೂಲಪಾಠವನ್ನು ಆ ಯಂತ್ರದ ಭಾಷೆಗೆ ಇಳಿಸುವ ಕೆಲಸ ಆತನದೇ ಆಗಿತ್ತು.

ಮೊದಲ ಸಂಜೆಯೇ ತಡೆ. ಯಂತ್ರದಲ್ಲಿ ‘ಸಿಸಿ’ ಎಂಬ ಆಜ್ಞೆಯಿತ್ತು, ಅದರ ಹಿಂದೆ ಕಂಪೈಲರ್ ಇರಲಿಲ್ಲ. ಸೋಲಾರಿಸ್‌ನಲ್ಲಿ ಅದನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಉಚಿತವಾದ ಜಿಸಿಸಿಯನ್ನು ತಂದು ಆ ಕೊರತೆ ನೀಗಿದ. ಯಂತ್ರದೊಡನೆ ಬಂದ ‘ಮೇಕ್’ ಸಾಲದೆ ಗ್ನೂ ಮೇಕ್ ಬೇಕಾಯಿತು. ಬಳಿಕ ಸಿದ್ಧತಾ ಕಾರ್ಯಕ್ರಮವು ರೀಡ್‌ಲೈನ್ ಗ್ರಂಥಾಲಯ ಇಲ್ಲವೆಂದಿತು. ಅದು ಇದ್ದದ್ದು ನಿಜ. ತೆರೆಯ ಕೊನೆಯ ಸಾಲನ್ನು ನಂಬದೆ ‘ಕಾನ್ಫಿಗ್ ಲಾಗ್’ ಎಂಬ ಕಡತವನ್ನು ಮೇಲಿನಿಂದ ಓದಿದಾಗ ಹುಡುಕಿದ ದಾರಿಯೇ ತಪ್ಪೆಂದು ತಿಳಿಯಿತು. ದಾರಿ ತೋರಿಸಿದ ಮೇಲೆ ಕಟ್ಟಣೆ ಮುಗಿಯಿತು. ಆದರೆ ಚಾಲನೆಯ ವೇಳೆಗೆ ಅದೇ ಗ್ರಂಥಾಲಯ ಮತ್ತೆ ಸಿಕ್ಕದಾಯಿತು. ಕಟ್ಟುವಾಗ ಹುಡುಕುವ ಹಾದಿ ಬೇರೆ, ನಡೆಸುವಾಗ ಹುಡುಕುವ ಹಾದಿ ಬೇರೆ. ಅದನ್ನೂ ನಮೂದಿಸಿದ ಮೇಲೆ ತಂತ್ರಾಂಶ ಎದ್ದು ನಿಂತಿತು.

ನಿಜವಾದ ತಪ್ಪು ಹೊರಬಿದ್ದದ್ದು ಆಮೇಲೆ. ಶೀರ್ಷಿಕೆಗೆ 60 ಅಕ್ಷರಗಳ ಸ್ಥಳವಿದ್ದರೂ ಅದರ ಅರ್ಧದಷ್ಟೂ ಇಲ್ಲದ ಕನ್ನಡ ಹೆಸರುಗಳನ್ನು ಯಂತ್ರ ನಿರಾಕರಿಸಿತು. ಸ್ಥಳವನ್ನು ಹಿಗ್ಗಿಸಿದರೆ ಹೆಸರು ಹಿಡಿಸೀತು, ಹುಡುಕಾಟ ಮಾತ್ರ ಸರಿಹೋಗದು. ದಣಿದ ಇಂಜಿನಿಯರ್ ಕೇಳಿದ:

“ಮಾಸ್ತರೇ, ಇಂಗ್ಲಿಷ್ ಲಿಪಿಯಲ್ಲೇ ಬರೆದುಬಿಡೋಣವೇ?”

“ಹಾಗೆ ಬರೆದರೆ ಕಾಲ ಯಾವುದು, ಕಾಳ ಯಾವುದು, ಕಲಾ ಯಾವುದು? ಅದಕ್ಕಿಂತ ಈ ಒದ್ದೆ ಚೀಟಿಗಳೇ ಇರಲಿ ಬಿಡಪ್ಪಾ.”

ಆ ಮಾತು ನಾಟಿತು. ಆತ ಮತ್ತೆ ಕೈಪಿಡಿಗೆ ಮರಳಿದ. ಆ ಆವೃತ್ತಿಯಲ್ಲಿ ಬಹುಬೈಟ್ ಅಕ್ಷರಗಳ ಬೆಂಬಲವನ್ನು ಕಟ್ಟುವಾಗಲೇ ಕೋರಬೇಕಿತ್ತು; ಆತ ಕೋರಿರಲಿಲ್ಲ. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು. ‘ಕನ್ನಡ’ ಎಂಬುದು ಓದುಗನಿಗೆ 3 ಅಕ್ಷರ, ಯುನಿಕೋಡಿಗೆ 5 ಸಂಕೇತ; ಬೈಟನ್ನೇ ಅಕ್ಷರವೆಂದು ಬಗೆದ ಯಂತ್ರಕ್ಕೆ ಅದು 15 ಆಗಿತ್ತು. ಎಲ್ಲ ತೊಡಕುಗಳಿಗಿಂತ ಹಿಂದಿನ ತಪ್ಪು ಅದು. ಅದರ ಬಗ್ಗೆ ಯಂತ್ರ ಒಂದು ದೋಷವಾಕ್ಯವನ್ನೂ ನುಡಿದಿರಲಿಲ್ಲ.

ಇಡೀ ತಂತ್ರಾಂಶವನ್ನು ಬಿಚ್ಚಿ, ಆ ಒಂದು ಆಯ್ಕೆಯನ್ನು ಸೇರಿಸಿ ಮತ್ತೆ ಕಟ್ಟಿದ್ದಾಯಿತು. ‘ಕನ್ನಡ’ದ ಉದ್ದವೆಷ್ಟೆಂದು ಕೇಳಿದಾಗ ತೆರೆಯ ಮೇಲೆ 5 ಮೂಡಿತು. “ಮೂರಲ್ಲವೇನಪ್ಪಾ?” ಎಂದರು ಮಾಸ್ತರರು. ಒತ್ತಕ್ಷರವನ್ನು ಯಂತ್ರ ಬಿಡಿಸಿ ಎಣಿಸುವುದನ್ನು ಶಿಷ್ಯ ವಿವರಿಸಿದ. ವ್ಯಾಕರಣ ಕಲಿಸಿದವರಿಗೆ ಅದು ಒಪ್ಪಿಗೆಯಾಯಿತು.

ಮೂಲಪಾಠವು ಕೈಗೆ ಬಂದಿರದಿದ್ದರೆ ಆ ತಪ್ಪನ್ನು ತಿದ್ದುವ ಅಧಿಕಾರವೂ ಬರುತ್ತಿರಲಿಲ್ಲ. ಮರುದಿನದಿಂದ ಮಾಸ್ತರರು ಅಂಟಿದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಗಟ್ಟಿಯಾಗಿ ಓದತೊಡಗಿದರು. ಶಿಷ್ಯನು ಬೆರಳಚ್ಚು ಮಾಡತೊಡಗಿದನು.