ಬಿಡಿಸಿ ಹೇಳಿದರೆ ಬೆರಗು ಹೋಗುತ್ತದೆಯೇ?

ಕಾದಂಬರಿಯನ್ನು ಸಿನಿಮಾ ಮಾಡುವುದು ಹಳೆಯ ಪದ್ಧತಿ. ಸಿನಿಮಾ ಹೆಸರು ಮಾಡಿದರೆ ಅದರ ಕಥೆಯನ್ನೇ ಕಾದಂಬರಿಯಾಗಿ ಬರೆಸಿ ಮಾರುವುದು ಪಶ್ಚಿಮದವರ ವ್ಯಾಪಾರ. ಈ ಎರಡೂ ಲೆಕ್ಕಕ್ಕೆ ಸರಿಯಾಗಿ ಕೂರದ ಪುಸ್ತಕವೊಂದಿದೆ. ಅದೇ ‘2001: ಎ ಸ್ಪೇಸ್ ಒಡಿಸ್ಸಿ’.

ವಿಜ್ಞಾನ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮತ್ತು ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ 1964ರಲ್ಲಿ ನ್ಯೂಯಾರ್ಕಿನಲ್ಲಿ ಭೇಟಿಯಾದರು. ಮೊದಲು ಇಬ್ಬರೂ ಕೂಡಿ ಕಾದಂಬರಿ ಬರೆಯುವುದು, ಆಮೇಲೆ ಅದರಿಂದ ಚಿತ್ರಕಥೆ ತೆಗೆಯುವುದು ಎಂದು ಯೋಜನೆ. ಆದದ್ದೇ ಬೇರೆ. ಎರಡೂ ಅವಳಿ ಮಕ್ಕಳಂತೆ ಒಟ್ಟೊಟ್ಟಿಗೆ ಬೆಳೆದವು. 1968ರ ಏಪ್ರಿಲ್‌ನಲ್ಲಿ ಚಿತ್ರ ಬಂತು, ಕೆಲವು ತಿಂಗಳ ನಂತರ ಪುಸ್ತಕ. ಪುಸ್ತಕದ ಮೇಲೆ ಕ್ಲಾರ್ಕ್ ಒಬ್ಬರದೇ ಹೆಸರು. ಆದರೆ ಚಿತ್ರಕಥೆಗೆ ‘ಕ್ಯೂಬ್ರಿಕ್ ಮತ್ತು ಕ್ಲಾರ್ಕ್’, ಕಾದಂಬರಿಗೆ ‘ಕ್ಲಾರ್ಕ್ ಮತ್ತು ಕ್ಯೂಬ್ರಿಕ್’ ಎಂದರೆ ನಿಜಕ್ಕೆ ಹತ್ತಿರವಾದೀತು ಎಂದು ಅವರೇ ಮುಂದೊಮ್ಮೆ ಬರೆದುಕೊಂಡರು.

ಕಥೆ ಇಷ್ಟು. ಲಕ್ಷಾಂತರ ವರ್ಷಗಳ ಹಿಂದೆ ಆಫ್ರಿಕಾದ ವಾನರ ಮಾನವರ ನಡುವೆ ಒಂದು ಕರಿಯ ಚಪ್ಪಡಿ ಕಾಣಿಸಿಕೊಳ್ಳುತ್ತದೆ. ಅವು ಆಯುಧ ಹಿಡಿಯಲು ಕಲಿಯುತ್ತವೆ. ಮುಂದೆ ಮನುಷ್ಯ ಚಂದ್ರನಿಗೆ ಹೋದಾಗ ಅಲ್ಲಿಯೂ ಹೂತಿಟ್ಟ ಇಂಥದೇ ಚಪ್ಪಡಿ ಸಿಗುತ್ತದೆ, ದೂರಕ್ಕೆ ಸಂಕೇತ ಕಳಿಸುತ್ತದೆ. ಅದರ ಜಾಡು ಹಿಡಿದು ಡಿಸ್ಕವರಿ ಎಂಬ ನೌಕೆ ಹೊರಡುತ್ತದೆ. ಅದನ್ನು ನಡೆಸುವ ಗಣಕಯಂತ್ರ ಹ್ಯಾಲ್ ದಾರಿಯಲ್ಲಿ ಕೊಲೆಗಾರನಾಗುತ್ತದೆ. ಬೌಮನ್ ಎಂಬ ಗಗನಯಾತ್ರಿಯೊಬ್ಬನೇ ಉಳಿದು ಗುರಿ ಮುಟ್ಟುತ್ತಾನೆ.

ಬಿ.ಎಸ್ಸಿ. ಓದುವಾಗ ಕಾಲೇಜು ಗ್ರಂಥಾಲಯದ ಪ್ರತಿಯಲ್ಲಿ ನಾನಿದನ್ನು ಓದಿದೆ. ಚಿತ್ರ ನೋಡಿದ್ದು ಎಷ್ಟೋ ವರ್ಷಗಳ ನಂತರ. ಈಚೆಗೆ ಶಾಲೆಯ ವಿಜ್ಞಾನ ಸಂಘದ ಮಕ್ಕಳಿಗೆ ಚಿತ್ರ ತೋರಿಸಿ, ಪುಸ್ತಕವನ್ನು ಸಹೋದ್ಯೋಗಿಗಳ ಕೈಗೆ ಕೊಟ್ಟೆ. ಅಂದಿನಿಂದ ನಮ್ಮ ಸ್ಟಾಫ್ ರೂಮು ಎರಡು ಪಕ್ಷವಾಗಿದೆ.

ಮೊದಲ ಪಕ್ಷ ಕನ್ನಡ ಮೇಷ್ಟರದು. “ಚಿತ್ರದಲ್ಲಿ ಸುಮಾರು ಇಪ್ಪತ್ತೈದು ನಿಮಿಷ ಒಂದೂ ಮಾತಿಲ್ಲ. ಕೊನೆಯಲ್ಲೂ ಮಾತಿಲ್ಲ. ಅದು ಧ್ವನಿ ಕಣ್ರೀ! ಹೇಳದೆ ಉಳಿದದ್ದೇ ಕಾವ್ಯ. ನಿಮ್ಮ ಕ್ಲಾರ್ಕು ಎಲ್ಲವನ್ನೂ ಹೇಳಿಬಿಟ್ಟ. ಕಾಳಿದಾಸನನ್ನು ಬಿಟ್ಟು ಮಲ್ಲಿನಾಥನ ವ್ಯಾಖ್ಯಾನವನ್ನಷ್ಟೇ ಓದಿದ ಹಾಗಾಯಿತು.” ಅವರ ಸಿಟ್ಟು ಮುಖ್ಯವಾಗಿ ಕೊನೆಯ ಕೋಣೆಯ ಮೇಲೆ. ಚಿತ್ರದಲ್ಲಿ ಬೌಮನ್ ಇದ್ದಕ್ಕಿದ್ದಂತೆ ಬೆಳ್ಳಗೆ ಬೆಳಗುವ ಒಂದು ಕೋಣೆಯಲ್ಲಿರುತ್ತಾನೆ. ಯಾಕೆ, ಏನು ಎಂದು ಯಾರೂ ಹೇಳುವುದಿಲ್ಲ. ಪುಸ್ತಕದಲ್ಲಾದರೋ, ಭೂಮಿಯ ಟೆಲಿವಿಷನ್ ಪ್ರಸಾರ ನೋಡಿ ಅನ್ಯಲೋಕದವರು ಕಟ್ಟಿದ ಹೋಟೆಲ್ ಕೋಣೆ ಅದು ಎಂದು ತಿಳಿಯುತ್ತದೆ. “ದೇವಸ್ಥಾನ ಅಂದುಕೊಂಡಿದ್ದೆ, ಲಾಡ್ಜಿಂಗ್ ಆಯಿತು” ಎಂದರು.

ಎರಡನೆಯ ಪಕ್ಷ ಗಣಿತದವರದು. “ಸ್ಟೆಪ್ಸ್ ಬರೆಯದೆ ಬರೀ ಉತ್ತರ ಬರೆದವನಿಗೆ ನಾನು ಅಂಕ ಕೊಡುವುದಿಲ್ಲ. ಕ್ಯೂಬ್ರಿಕ್ ಸ್ಟೆಪ್ಸ್ ಬರೆದಿಲ್ಲ, ಕ್ಲಾರ್ಕ್ ಬರೆದಿದ್ದಾನೆ.” ಇವರಿಗೆ ಹಿಡಿಸಿದ್ದು ಚಪ್ಪಡಿಯ ಅಳತೆ. ಅದರ ದಪ್ಪ, ಅಗಲ, ಎತ್ತರಗಳ ಪ್ರಮಾಣ 1:4:9 ಎಂದು ಪುಸ್ತಕ ಹೇಳುತ್ತದೆ. ಅಂದರೆ ಒಂದು, ಎರಡು, ಮೂರರ ವರ್ಗಗಳು. ಚಿತ್ರದಲ್ಲಿ ಈ ಸುದ್ದಿಯೇ ಇಲ್ಲ. ಆ ಕೋಣೆಯ ಬಗ್ಗೆಯೂ ಅವರದು ಬೇರೆ ಮಾತು. ಅಲ್ಲಿರುವ ಟೆಲಿಫೋನ್ ಡೈರೆಕ್ಟರಿಯನ್ನು ಬೌಮನ್ ತೆರೆದರೆ ಹಾಳೆಗಳೆಲ್ಲ ಖಾಲಿ. ಹೊರಗಿನಿಂದ ನೋಡಿ ನಕಲು ಮಾಡಿದವರಿಗೆ ಒಳಗೇನಿದೆ ಎಂದು ಹೇಗೆ ಗೊತ್ತಾಗಬೇಕು? “ನಮ್ಮ ಬಾಯಿಪಾಠದ ಹುಡುಗರ ಉತ್ತರ ಪತ್ರಿಕೆಯ ಹಾಗೆ” ಎಂದು ಅವರು ನಕ್ಕರು.

ನನ್ನಂಥ ವಿಜ್ಞಾನದವರದು ಮೂರನೆಯ ಪಂಗಡ, ಕಲ್ಲು ಹುಡುಕುವವರದು. ಪುಸ್ತಕದಲ್ಲಿ ನೌಕೆ ಗುರುಗ್ರಹದ ಸೆಳೆತದಿಂದ ವೇಗ ಗಳಿಸಿ ಶನಿಗೆ ಹೋಗುತ್ತದೆ. ಚಿತ್ರದಲ್ಲಿ ಶನಿಯ ಬಳೆಗಳನ್ನು ನಂಬುವಂತೆ ತೋರಿಸಲಾಗದೆ ಗುರುವಿನಲ್ಲೇ ನಿಲ್ಲಿಸಿದರು. 1973ರಲ್ಲಿ ಹೊರಟ ಪಯೋನಿಯರ್ 11 ಗುರುವಿನ ಸೆಳೆತವನ್ನು ಹಾಗೆಯೇ ಬಳಸಿಕೊಂಡು 1979ರಲ್ಲಿ ಶನಿಯನ್ನು ತಲುಪಿತು. ಭೌತಶಾಸ್ತ್ರದಲ್ಲಿ ಪುಸ್ತಕ ಗೆದ್ದಿತು ಎನ್ನಿ. ತಮಾಷೆಯೆಂದರೆ 1982ರಲ್ಲಿ ಮುಂದಿನ ಭಾಗ ಬರೆಯುವಾಗ ಕ್ಲಾರ್ಕ್ ತಮ್ಮ ಶನಿಯನ್ನೇ ಕೈಬಿಟ್ಟು ಚಿತ್ರದ ಗುರುವನ್ನು ಹಿಡಿದರು! ಹಾಗಾದರೆ ಮೂಲ ಯಾವುದು ಎಂದು ಓದುಗರು ಕೇಳಿದರೆ ತಪ್ಪೇನು?

ಇದಿಷ್ಟೂ ರುಚಿಭೇದ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಕನ್ನಡ ಮೇಷ್ಟರ ಮಾತು ನನ್ನನ್ನು ಬಿಡಲಿಲ್ಲ. ಬಿಡಿಸಿ ಹೇಳುವುದರಿಂದ ಬೆರಗು ಸಾಯುವುದಾದರೆ, ಕಾಮನಬಿಲ್ಲನ್ನು ವಕ್ರೀಭವನವೆಂದೂ ಗುಡುಗನ್ನು ಗಾಳಿಯ ಹಿಗ್ಗುವಿಕೆಯೆಂದೂ ಹೇಳುತ್ತಾ ಇಷ್ಟು ವರ್ಷ ಸಂಬಳ ಎಣಿಸಿದ ನಾನು ಮಾಡಿದ್ದಾದರೂ ಏನು?

ಉತ್ತರ ಸಿಕ್ಕಿದ್ದು ಒಂಬತ್ತನೇ ತರಗತಿಯಲ್ಲಿ. ಚಿತ್ರ ಮುಗಿದಾಗ ಹ್ಯಾಲ್ ಯಾಕೆ ಕೊಂದಿತು ಎಂದು ಕೇಳಿದ್ದೆ. “ಯಂತ್ರಕ್ಕೆ ಹುಚ್ಚು ಹಿಡೀತು ಸಾರ್” ಎಂದು ಎಲ್ಲರೂ ಒಂದೇ ಉಸಿರಿಗೆ ಹೇಳಿದರು. ಮಾತು ಅಲ್ಲಿಗೆ ಮುಗಿಯಿತು. ಮರುದಿನ ಪುಸ್ತಕದಲ್ಲಿರುವ ಕಾರಣವನ್ನು ತಿಳಿಸಿದೆ. ಹ್ಯಾಲ್ ಅನ್ನು ನಿಜ ಹೇಳುವುದಕ್ಕೆಂದೇ ರೂಪಿಸಿದ್ದರು. ಆಮೇಲೆ ಯಾತ್ರೆಯ ನಿಜವಾದ ಉದ್ದೇಶವನ್ನು ಜೊತೆಯವರಿಂದಲೇ ಬಚ್ಚಿಡು ಎಂದು ಆಜ್ಞೆ ಮಾಡಿದರು. ಈ ಎರಡರ ಇಕ್ಕಟ್ಟಿನಲ್ಲಿ ಅದರ ತಲೆ ಕೆಟ್ಟಿತು. ಚಿತ್ರದಲ್ಲಿ ಇದರ ಸುಳಿವು ಮಾತ್ರ ಇದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಹಿಂದಿನ ಬೆಂಚಿನ, ಸಾಮಾನ್ಯವಾಗಿ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಬಚ್ಚಿಡು ಅಂತ ಹೇಳಿದೋರಿಗೆ ಏನಾಯ್ತು?”

ನೋಡಿ, ವಿವರಣೆ ಇಲ್ಲದಿದ್ದಾಗ ಮಕ್ಕಳ ಬಳಿ ಇದ್ದದ್ದು ಉತ್ತರ. ವಿವರಣೆ ಬಂದ ಮೇಲೆ ಹುಟ್ಟಿದ್ದು ಪ್ರಶ್ನೆ. ಅದೂ ಯಂತ್ರವನ್ನು ದಾಟಿ ಮನುಷ್ಯರ ಮೇಲೆ ಬಿದ್ದ ಪ್ರಶ್ನೆ. ಯಂತ್ರಗಳೊಡನೆ ಮಾತಾಡುತ್ತಲೇ ಬೆಳೆಯಲಿರುವ ಈ ಮಕ್ಕಳು ಜೀವನವಿಡೀ ಕೇಳಬೇಕಾದ ಪ್ರಶ್ನೆಯೂ ಅದೇ.

ಹಾಗೆಂದು ಕನ್ನಡ ಮೇಷ್ಟರು ಸೋತರೆಂದಲ್ಲ. ಬಿಳಿಯ ಕೋಣೆ ಟೆಲಿವಿಷನ್ ನೋಡಿ ಕಟ್ಟಿದ್ದು ಎಂದಾಗ ಇದೇ ಮಕ್ಕಳು ಗೊಳ್ಳೆಂದು ನಕ್ಕರು. ಅಲ್ಲಿಯವರೆಗಿದ್ದ ಭಯಭಕ್ತಿ ಮತ್ತೆ ಬರಲಿಲ್ಲ. ಕೆಲವು ವಿವರಣೆ ಬಾಗಿಲು ತೆಗೆಯುತ್ತದೆ, ಕೆಲವು ಚಿಲಕ ಹಾಕುತ್ತದೆ. ಯಾವುದು ಯಾವುದೆಂದು ಮುಂಚೆ ಗೊತ್ತಾಗುವುದಿಲ್ಲ. ಹೇಳಿದ ಮೇಲೆ ಎದುರಿಗಿರುವವರ ಮುಖ ನೋಡಿಯೇ ತಿಳಿಯಬೇಕು. 1:4:9 ಎಂಬ ಅಂಕಿ ಕೊಟ್ಟ ಕ್ಲಾರ್ಕ್, ಆ ಸರಣಿ ಮೂರೇ ಆಯಾಮಕ್ಕೆ ನಿಲ್ಲುವುದಿಲ್ಲವೆಂದು ಸೂಚಿಸಿ ಮುಂದೆ ಹೋಗುತ್ತಾರೆ. ನಾಲ್ಕನೆಯದು ಹದಿನಾರೇ ಎಂದು ನಮ್ಮ ಗಣಿತದವರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಪುಸ್ತಕ ಓದಿ, ಚಿತ್ರ ನೋಡಿ, ಬೇಕೆನಿಸಿದಷ್ಟು ಸಲ ಮತ್ತೆ ಮಾಡಿ ಎಂಬುದು ಕ್ಲಾರ್ಕ್ ಅವರ ಸಲಹೆಯಾಗಿತ್ತು. ಔಷಧಿ ಚೀಟಿಯಂತಿದ್ದರೂ ಪಥ್ಯ ಸರಿಯಾಗಿದೆ. ಚಿತ್ರ ಮೊದಲಿರಲಿ ಎಂಬುದಷ್ಟೇ ನನ್ನ ಸೇರ್ಪಡೆ.

ಮುಂದಿನ ವಾರ ವಾಯುಭಾರದ ಪಾಠವಿದೆ. ಚಿತ್ರದಲ್ಲಿ ಬೌಮನ್ ಶಿರಸ್ತ್ರಾಣವಿಲ್ಲದೆ ನಿರ್ವಾತಕ್ಕೆ ಹಾರುವಾಗ ಉಸಿರು ಬಿಗಿಹಿಡಿಯುತ್ತಾನೆ. ಹಾಗೆ ಮಾಡಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿದೀತು. ಇದನ್ನು ನಾನು ಮೊದಲೇ ಹೇಳುವುದಿಲ್ಲ. ಆ ದೃಶ್ಯ ತೋರಿಸಿ, ಅವನು ಮಾಡಿದ್ದು ಸರಿಯೇ ಎಂದು ಕೇಳಿ, ಗಂಟೆ ಹೊಡೆಯುವವರೆಗೆ ಕಾಯುತ್ತೇನೆ.