ಸಾಗರದ ಮಳೆ ಮತ್ತು ಮಾವನ ಮನೆಯ ಕಂಪ್ಯೂಟರ್

ಸಾಗರದ ಹತ್ತಿರದ ಹಳ್ಳಿಯಿಂದ, ತಡರಾತ್ರಿ

ಪ್ರೀತಿಯ ಅಕ್ಕನಿಗೆ ತಂಗಿ ಬರೆಯುವುದು:

ಕಂಪ್ಯೂಟರೊಂದು ಚಾಲೂ ಆಗದೆ ನಿಂತಾಗ ಎದುರಾಗುವ ಸಮಸ್ಯೆಗಳು ಎರಡು: ಯಂತ್ರವನ್ನು ಮತ್ತೆ ನಡೆಯುವಂತೆ ಮಾಡುವುದು ಒಂದು, ಅದರೊಳಗಿನ ಕಡತಗಳನ್ನು ಉಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದರ ಆತುರದಲ್ಲಿ ಎರಡನೆಯದು ಕೈತಪ್ಪಿಹೋಗುವ ಅಪಾಯವಿರುವುದರಿಂದ, ಕಡತಗಳಿಗೆ ಒಂದು ಪ್ರತಿ ತೆಗೆದಿಟ್ಟ ಮೇಲೆಯೇ ರಿಪೇರಿಗೆ ಕೈ ಹಾಕಬೇಕು. ಈ ಕ್ರಮ ಎಂದೂ ಹಿಂದುಮುಂದಾಗಬಾರದು. ಸೋದರಮಾವನ ಮನೆಯ ಕಂಪ್ಯೂಟರ್ ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಕೇಳಿ ಅಕ್ಕ ನಿದ್ದೆಗೆಟ್ಟಿರಬಹುದಾದ್ದರಿಂದ ಮೊದಲಿಗೇ ತಿಳಿಸಬೇಕಾದದ್ದೆಂದರೆ, ಅಜ್ಜಿ ಹಾಡಿದ ಹಸೆಹಾಡುಗಳ ಧ್ವನಿಮುದ್ರಣಗಳೆಲ್ಲ ಸುರಕ್ಷಿತವಾಗಿವೆ.

ಇಲ್ಲಿಗೆ ಬಂದ ಮೇಲೆ ನೋಡಲು ಹೋದ ಜೋಗದಲ್ಲಿ ಮಂಜು ಕವಿದು 253 ಮೀಟರ್ ಎತ್ತರದ ಧಾರೆಯ ಭೋರ್ಗರೆತವಷ್ಟೇ ಕೇಳಿಸಿತು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಚಿತ್ರಗಳು ಅಕ್ಕನ ಫೋನಿಗೆ ಬರುತ್ತವೆ. ಉಳಿದ ಹೊತ್ತನ್ನೆಲ್ಲ ಈ ಯಂತ್ರವೇ ತೆಗೆದುಕೊಂಡಿತು.

ಪುನರ್ವಸು ಮಳೆ ಹಿಡಿದಾಗಿನಿಂದ ಇಲ್ಲಿ ಕರೆಂಟು ಹೋದರೆ ಮರುದಿನದವರೆಗೂ ಬಾರದಿರುವುದುಂಟು, ಮನೆಯ ಯುಪಿಎಸ್‌ನ ಬ್ಯಾಟರಿ ಸತ್ತು ಬಹಳ ಕಾಲವಾಗಿದೆ. ಹೀಗೊಂದು ದೀರ್ಘ ಕತ್ತಲೆಯ ನಂತರ ಯಂತ್ರವನ್ನು ಹಾಕಿದಾಗ, ಕಪ್ಪು ಪರದೆಯ ಮೇಲೆ ಆಪರೇಟಿಂಗ್ ಸಿಸ್ಟಂ ಸಿಗುತ್ತಿಲ್ಲವೆಂಬ ಅರ್ಥದ ಒಂದೇ ಸಾಲು ಮೂಡಿ ನಿಂತಿತು. ಬ್ಯಾಕಪ್‌ಗೆಂದು ಸದಾ ಸಿಕ್ಕಿಸಿಯೇ ಇಟ್ಟಿದ್ದ ಹೊರಗಿನ ಡ್ರೈವನ್ನು ಕಿತ್ತ ಮೇಲೆ ವಿಂಡೋಸ್‌ನ ಚಿಹ್ನೆ ಕಾಣಿಸಿಕೊಂಡಿತಾದರೂ, ಅದರ ಬೆನ್ನಿಗೇ ನೀಲಿ ಪರದೆ ಬಂದು 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದು ತೋರಿಸಿತು. ವಿಂಡೋಸ್ ತಾನು ನೆಲೆಸಿರುವ ಡ್ರೈವನ್ನು ತಾನೇ ಓದಲಾಗುತ್ತಿಲ್ಲವೆಂಬುದು ಇದರ ಅರ್ಥವೇ ಹೊರತು, ಡ್ರೈವ್ ಕೆಟ್ಟಿದೆಯೆಂದಲ್ಲ. ಪೇಟೆಯ ಅಂಗಡಿಯವರು ಮಾತ್ರ ಯಂತ್ರವನ್ನು ನೋಡದೆಯೇ "ಹಾರ್ಡ್ ಡಿಸ್ಕ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿಕೊಡ್ತೀವಿ" ಎಂದು ಫೋನಿನಲ್ಲೇ ಹೇಳಿಬಿಟ್ಟರು. ಫಾರ್ಮ್ಯಾಟ್ ಎಂದರೆ ಯಾವ ಕಡತ ಎಲ್ಲಿದೆಯೆಂಬ ಪಟ್ಟಿಯನ್ನೇ ಬಿಸಾಡಿ ಹೊಸ ಪಟ್ಟಿ ತೆರೆಯುವುದು. ಅದರ ಮೇಲೆ ವಿಂಡೋಸ್ ಬರೆದರೆ ಹಳೆಯ ಕಡತಗಳ ಜಾಗವೂ ಹೋಗುತ್ತದೆ. ಊರೂರುಗಳಲ್ಲಿ ಎಷ್ಟು ಮನೆಗಳ ಮದುವೆ ಫೋಟೊಗಳು, ಹಿರಿಯರ ಧ್ವನಿಗಳು ಈ ಒಂದು ಮಾತಿನಿಂದ ಅಳಿದಿರಬಹುದೆಂದು ನೆನೆದರೆ ಸಂಕಟವಾಗುತ್ತದೆ.

ಆದ್ದರಿಂದ ಹಾರ್ಡ್ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿಗೆ ಹೊಂದಿಸುವ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ, ಮೊದಲು ಅದರ 'ಸ್ಮಾರ್ಟ್' ಅಂಕಿಗಳನ್ನು, ಅಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ದಾಖಲೆಯನ್ನು ನೋಡಲಾಯಿತು. ಕೆಟ್ಟು ಬದಲಿಸಲ್ಪಟ್ಟ ಸೆಕ್ಟರುಗಳು, ಓದಲು ತೊಡಕಾಗಿ ಬಾಕಿ ಉಳಿದ ಸೆಕ್ಟರುಗಳು, ಇವೆರಡರ ಲೆಕ್ಕವೂ ಸೊನ್ನೆಯಾಗಿದ್ದುದರಿಂದ ಕಡತಗಳನ್ನು ನೇರವಾಗಿ ನಕಲಿಸಿಕೊಳ್ಳಲು ಧೈರ್ಯ ಬಂತು. ಆ ಅಂಕಿಗಳು ಏರಿದ್ದರೆ, ಅಥವಾ ಡಿಸ್ಕಿನಿಂದ ಟಕ್‌ಟಕ್ ಸದ್ದು ಬರುತ್ತಿದ್ದರೆ, ಹಾಗೆ ಮಾಡುವಂತಿಲ್ಲ. ಚೆನ್ನಾಗಿರುವ ಭಾಗಗಳನ್ನು ಮೊದಲು ಎತ್ತಿಕೊಂಡು ಕೆಟ್ಟವನ್ನು ಕೊನೆಗೆ ಬಿಡುವ 'ಡಿಡಿರೆಸ್ಕ್ಯೂ'ನಂತಹ ತಂತ್ರಾಂಶಕ್ಕೆ ಮೊರೆಹೋಗಬೇಕು, ಸದ್ದು ಜೋರಾಗಿದ್ದರೆ ವಿದ್ಯುತ್ತನ್ನೇ ಕಡಿದು ತಜ್ಞರಿಗೆ ಒಪ್ಪಿಸಬೇಕು. ಪ್ರತಿ ಸಿಗುವ ಮುನ್ನ 'ಚೆಕ್‌ಡಿಸ್ಕ್' ಓಡಿಸಿ ದೋಷ ತಿದ್ದಿಸುವುದೂ ತರವಲ್ಲ, ಏಕೆಂದರೆ ಅದು ಅದೇ ಡಿಸ್ಕಿನ ಮೇಲೆ ಬರೆಯುತ್ತದೆ.

ನಕಲಿಸುವಾಗಲೇ ಮನೆಯವರಾರಿಗೂ ಗೊತ್ತಿರದ ಸಂಗತಿಯೊಂದು ಬೆಳಕಿಗೆ ಬಂತು. ಹೊರಗಿನ ಡ್ರೈವಿನಲ್ಲಿ ಮಾವನ ಅಡಿಕೆ ಲೆಕ್ಕ, ಫೋಟೊಗಳು ಎಲ್ಲವೂ ಇದ್ದವು. ಹಸೆಹಾಡುಗಳು ಒಂದೂ ಇರಲಿಲ್ಲ. ವಿಂಡೋಸ್‌ನ 'ಫೈಲ್ ಹಿಸ್ಟರಿ' ಎಂಬ ಬ್ಯಾಕಪ್ ಸೌಲಭ್ಯವು ಬೇರೇನೂ ಹೇಳದಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲಾದ ಬಳಕೆದಾರನ ಫೋಲ್ಡರುಗಳನ್ನಷ್ಟೇ ಪ್ರತಿ ತೆಗೆಯುತ್ತದೆ, ಹಾಡುಗಳಿದ್ದದ್ದು ಡಿ ಡ್ರೈವಿನ 'ಅಮ್ಮ' ಎಂಬ ಫೋಲ್ಡರಿನಲ್ಲಿ. ಡ್ರೈವಿನ ನೀಲಿ ದೀಪ ಮಿನುಗುತ್ತಿದ್ದುದನ್ನು ಕಂಡು ಎಲ್ಲವೂ ಪ್ರತಿಯಾಗುತ್ತಿದೆಯೆಂದು ನಂಬಿದ್ದ ಮಾವ ಇದನ್ನು ಕೇಳಿ ಮಾತೇ ಆಡದೆ ಜಗಲಿಗೆ ಹೋಗಿ ಕುಳಿತರು. ನಕಲು ಮುಗಿದು ಅಜ್ಜಿಯ ಧ್ವನಿ ಲ್ಯಾಪ್‌ಟಾಪಿನಿಂದ ಹೊರಟಾಗ ಅತ್ತೆ ಪತ್ರೊಡೆ ಬೇಯಿಸುವುದನ್ನು ಬಿಟ್ಟು ಬಂದರು. ಒಲೆ ಆರಿದರೂ ಯಾರೂ ಲೆಕ್ಕಿಸಲಿಲ್ಲ.

ಇನ್ನು ಕಾರಣದ ವಿಚಾರ. ಬಯೋಸ್, ಅಂದರೆ ವಿಂಡೋಸ್ ಏಳುವ ಮುನ್ನ ಯಂತ್ರದ ಭಾಗಗಳನ್ನು ಎಚ್ಚರಿಸಿ ಯಾವ ಡ್ರೈವಿನಿಂದ ಚಾಲೂ ಆಗಬೇಕೆಂದು ಗೊತ್ತುಮಾಡುವ ಮೂಲ ತಂತ್ರಾಂಶ, ಅದರ ಪರದೆಯಲ್ಲಿ ವರ್ಷವು ಎಷ್ಟೋ ಹಿಂದಕ್ಕೆ ಸರಿದಿತ್ತು. ಹಳೆಯ ಮದರ್‌ಬೋರ್ಡುಗಳಲ್ಲಿ ಗಡಿಯಾರವನ್ನೂ ಬಯೋಸ್‌ನ ಆಯ್ಕೆಗಳನ್ನೂ ಕಾಯುವುದು ಒಂದು ಬಿಲ್ಲೆ ಸೆಲ್. ಕರೆಂಟು ಇರುವಷ್ಟು ಹೊತ್ತು ಸೆಲ್ಲಿಗೆ ಕೆಲಸವಿಲ್ಲದ್ದರಿಂದ ಅದರ ನಿಶ್ಶಕ್ತಿ ಮರೆಯಲ್ಲಿರುತ್ತದೆ, ದೀರ್ಘ ಕತ್ತಲೆಯಲ್ಲಿ ಬಯಲಾಗುತ್ತದೆ. ಆಯ್ಕೆಗಳು ಕಾರ್ಖಾನೆಯ ಸ್ಥಿತಿಗೆ ಮರಳಿದಾಗ ಯುಎಸ್‌ಬಿ ಡ್ರೈವಿಗೆ ಮೊದಲ ಸರದಿ ಬಂತು. ಅಂತಹ ಡ್ರೈವಿನ ಮೊದಲ 512 ಬೈಟ್‌ಗಳಲ್ಲಿ ಚಾಲನೆಯ ಸಂಕೇತಕ್ಕೆ 446, ವಿಭಾಗಗಳ ಪಟ್ಟಿಗೆ 64, ಕೊನೆಯ ಗುರುತಿಗೆ 2 ಮೀಸಲು. ಬರಿಯ ಕಡತಗಳ ಡ್ರೈವಿನಲ್ಲೂ ಆ ಗುರುತು ಇರುವುದರಿಂದ ಬಯೋಸ್ ಅದನ್ನು ನಂಬಿ ಅಲ್ಲಿಯೇ ನಿಂತಿತು. ಡಿಸ್ಕಿನೊಡನೆ ಮಾತಾಡುವ ವಿಧಾನವೂ ಎಎಚ್‌ಸಿಐನಿಂದ ಹಳೆಯ ಐಡಿಇಗೆ ಬದಲಾಗಿದ್ದುದೇ ನೀಲಿ ಪರದೆಗೆ ಕಾರಣ. ಅದನ್ನು ಮೊದಲಿನಂತೆ ಎಎಚ್‌ಸಿಐಗೆ ತಿರುಗಿಸಿದೊಡನೆ ವಿಂಡೋಸ್ ತೆರೆದುಕೊಂಡಿತು. ಕೆಲವು ಕಾಲದಿಂದ ಬ್ಯಾಂಕಿನ ತಾಣ ಆಗಾಗ ತೆರೆಯದಿದ್ದುದಕ್ಕೂ ತಪ್ಪು ದಿನಾಂಕವೇ ಮೂಲ: ತಾಣದ ಪ್ರಮಾಣಪತ್ರಕ್ಕೆ ಅವಧಿಯಿರುತ್ತದೆ, ಹಿಂದೆ ಬಿದ್ದ ಗಡಿಯಾರಕ್ಕೆ ಅದು ಇನ್ನೂ ಆರಂಭವೇ ಆಗಿರುವುದಿಲ್ಲ.

ಸೆಲ್ ಹುಡುಕಿಕೊಂಡು ಪೇಟೆಗೆ ಹೋದಾಗ ಮಳೆಗೆ ಅಂಗಡಿಗಳ ಷಟರು ಎಳೆದಿತ್ತು. ವಾಚು ರಿಪೇರಿಯ ಹಿರಿಯರೊಬ್ಬರು ಮಾತ್ರ ಅರ್ಧ ತೆರೆದ ಬಾಗಿಲಿನಿಂದ ಒಳಕ್ಕೆ ಕರೆದು, ತಲೆ ಒರೆಸಿಕೊಳ್ಳಲು ಪಂಚೆ ಕೊಟ್ಟು, ಹಳೆಯ ಸೆಲ್ಲನ್ನು ಮೀಟರಿಗೆ ಹಿಡಿದರು. ಮೂರು ವೋಲ್ಟ್ ಇರಬೇಕಾದಲ್ಲಿ ಮುಳ್ಳು ಎರಡಕ್ಕೂ ಏರಲಿಲ್ಲ. ಸಿಆರ್2032 ಎಂಬ ಅಂಕಿಯಲ್ಲಿ 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ ಎಂದು ವಿವರಿಸಿ, ಹೊಸದನ್ನೂ ಅಳೆದು ತೋರಿಸಿಯೇ ಕೊಟ್ಟರು. ಮುಂದೆ ಎಂದಾದರೂ ಸೆಲ್ ತೆಗೆಯಬೇಕಾದರೆ ಮೊದಲು ಬಯೋಸ್‌ನ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ, ಪ್ಲಗ್ ಕಿತ್ತ ಮೇಲೂ ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಿ, ಕ್ಲಿಪ್ಪನ್ನು ಲೋಹದಿಂದ ಮೀಟದೆ ಬಿದಿರಿನ ಕಡ್ಡಿಯಿಂದ ಬಿಡಿಸಿ ಎಂದು ಸ್ವಂತ ಮಗಳಿಗೆ ಹೇಳುವ ಹಾಗೆ ತಿಳಿಸಿ, ಆ ಕಡ್ಡಿಯನ್ನೂ ಕೆತ್ತಿಕೊಟ್ಟು, ಸೆಲ್ಲಿನ ಬೆಲೆಯನ್ನಷ್ಟೇ ತೆಗೆದುಕೊಂಡರು. ಅಂಥವರ ಅಂಗಡಿ ಊರಿನಲ್ಲಿ ಉಳಿಯಬೇಕು.

ಭಾವನವರ ಸಕ್ಕರೆ ಮಾತ್ರೆ ಮುಗಿಯುವ ಮುನ್ನ ತರಿಸಿಡುವುದು. ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಜೋನಿಬೆಲ್ಲವನ್ನೂ ಅತ್ತೆ ಕಟ್ಟಿಟ್ಟಿದ್ದಾರೆ. ಅಲ್ಲಿನ ಮನೆಯ ಬ್ಯಾಕಪ್ ಡ್ರೈವ್ ಕೂಡ ಯಂತ್ರಕ್ಕೆ ಸಿಕ್ಕಿಕೊಂಡೇ ಇದೆಯಲ್ಲ, ಅದನ್ನು ಇಂದೇ ಕಿತ್ತಿಡಬೇಕು. ಸಿಡಿಲಿನ ಹೊಡೆತ ಒಂದೇ ತಂತಿಯಲ್ಲಿ ಬಂದು ಎರಡನ್ನೂ ಸುಡಬಲ್ಲದು. ಹಾಡುಗಳ ಒಂದು ಪ್ರತಿ ಮಾವನ ಬಳಿ, ಒಂದು ಲ್ಯಾಪ್‌ಟಾಪಿನಲ್ಲಿ, ಮೂರನೆಯದನ್ನು ಅಕ್ಕನ ಬೀರುವಿನಲ್ಲಿ ಇರಿಸಬೇಕೆಂಬುದು ಇಲ್ಲಿನವರ ಅಭಿಪ್ರಾಯ. ಅದನ್ನು ತರುವ ಪ್ರಯಾಣ ಇನ್ನೂ ನಿಶ್ಚಯವಾಗಿಲ್ಲ, ಮಳೆ ಬಿಟ್ಟರೆ ರಾತ್ರಿ ಬಸ್ಸು, ಸೀಟು ಸಿಗದಿದ್ದರೆ ತಾಳಗುಪ್ಪದ ರೈಲು, ಅದೂ ತಪ್ಪಿದರೆ ಮಾವನೇ ಶಿವಮೊಗ್ಗದವರೆಗೆ ಬಿಡುವುದಾಗಿ ಹೇಳಿದ್ದಾರೆ, ಆದರೆ ಅವರಿಗೆ ತೋಟಕ್ಕೆ ಮದ್ದು ಹೊಡೆಸುವ ಆಳುಗಳು ನಾಳೆ ಬರುವರೋ ಇಲ್ಲವೋ ಎಂಬುದು ಗೊತ್ತಿಲ್ಲ.